ದ್ವೀಪಗಳ ದಾವೆ

ಹವಾಮಾನ ಬದಲಾವಣೆಯ ವಿಚಾರದಲ್ಲಿ ದೇಶಗಳಿಗಿರುವ ಕಾನೂನಿನ ಹೊಣೆ ಏನು ಎಂದು ವಿಶ್ವಸಂಸ್ಥೆಯ ಮಹಾಸಭೆ ಕೇಳಿದ್ದ ಪ್ರಶ್ನೆಗೆ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ 2025ರ ಜುಲೈ 23ರಂದು ಸರ್ವಾನುಮತದ ಉತ್ತರ ಕೊಟ್ಟಿತು. ಮಹಾಸಭೆಯ ಬಾಯಿಂದ ಈ ಪ್ರಶ್ನೆ ಕೇಳಿಸಿದ್ದು ಪೆಸಿಫಿಕ್ ಸಾಗರದ ವನವಾಟು, ಮೂರು ಲಕ್ಷ ಚಿಲ್ಲರೆ ಜನರ ದೇಶ. ಆ ಸರ್ಕಾರವನ್ನು ಇದಕ್ಕೆ ಒಪ್ಪಿಸಿದ್ದು ಪೋರ್ಟ್ ವಿಲಾದಲ್ಲಿ ಕಾನೂನು ಓದುತ್ತಿದ್ದ 27 ವಿದ್ಯಾರ್ಥಿಗಳು. ಅದು 2019ರ ಮಾತು. ಈಗ ಉತ್ತರವೇನೋ ಬಂದಿದೆ. ಅದರಿಂದ ದ್ವೀಪಗಳಿಗೆ ಏನು ದಕ್ಕಿತು ಎಂಬುದಕ್ಕೆ ಎರಡು ಕಡೆಯಿಂದಲೂ ಪ್ರಾಮಾಣಿಕವಾಗಿ ವಾದಿಸಬಹುದು. ಇಲ್ಲಿ ಮಾತಾಡುವವರಲ್ಲಿ ಒಬ್ಬಳು ಅಂತರರಾಷ್ಟ್ರೀಯ ಕಾನೂನಿನಲ್ಲಿ ನಂಬಿಕೆಯಿಟ್ಟ ಕಿರಿಯ ವಕೀಲೆ. ಇನ್ನೊಬ್ಬರು ಅರ್ಥಶಾಸ್ತ್ರ ಕಲಿಸಿ ನಿವೃತ್ತರಾದ ಮೇಷ್ಟ್ರು. ನನ್ನ ಒಲವು ವಕೀಲೆಯ ಕಡೆಗೇ. ಆದರೆ ಮೇಷ್ಟ್ರ ಆಕ್ಷೇಪಗಳಿಗೆಲ್ಲ ನನ್ನಲ್ಲಿ ಉತ್ತರವಿಲ್ಲ, ಹಾಗಾಗಿ ಅವುಗಳ ಮೊನೆ ಮುರಿದಿಲ್ಲ.

ಮೇಷ್ಟ್ರು: ಸಂತೋಷಪಡುವ ಮೊದಲು ಒಂದು ಹಳೆಯ ಮೊಕದ್ದಮೆ ನೆನಪು ಮಾಡಿಕೊಳ್ಳಮ್ಮ. ಮಾರ್ಷಲ್ ದ್ವೀಪಗಳಲ್ಲಿ 1946ರಿಂದ 1958ರ ನಡುವೆ ಅಮೆರಿಕ 67 ಅಣ್ವಸ್ತ್ರ ಪರೀಕ್ಷೆ ನಡೆಸಿತು. ಆ ಪುಟ್ಟ ದೇಶ 2014ರಲ್ಲಿ ಇದೇ ಹೇಗ್ ನ್ಯಾಯಾಲಯಕ್ಕೆ ಹೋಗಿ, ಅಣ್ವಸ್ತ್ರ ಇಟ್ಟುಕೊಂಡ ಒಂಬತ್ತು ದೇಶಗಳು ನಿಶ್ಶಸ್ತ್ರೀಕರಣದ ಮಾತುಕತೆಯ ಹೊಣೆ ಮರೆತಿವೆ ಎಂದು ದೂರು ಕೊಟ್ಟಿತು. ಒಂಬತ್ತರಲ್ಲಿ ಆರು ದೇಶಗಳು ನ್ಯಾಯಾಲಯದ ಅಧಿಕಾರವನ್ನೇ ಒಪ್ಪಿರಲಿಲ್ಲ; ಅವುಗಳ ಮೇಲಿನ ದೂರು ಮುಂದೆ ಹೋಗಲೇ ಇಲ್ಲ. ಉಳಿದದ್ದು ಭಾರತ, ಪಾಕಿಸ್ತಾನ, ಬ್ರಿಟನ್. 2016ರ ಅಕ್ಟೋಬರಿನಲ್ಲಿ ಆ ಮೂರೂ ದೂರುಗಳು ವಜಾ ಆದವು. ಕಾರಣ ಏನೆಂದರೆ, ನಿಮ್ಮಿಬ್ಬರ ನಡುವೆ ಕಾನೂನಿನ ಅರ್ಥದಲ್ಲಿ ವಿವಾದವೇ ಹುಟ್ಟಿಲ್ಲ ಎಂಬುದು. ಬ್ರಿಟನ್ನಿನ ಮೊಕದ್ದಮೆಯಲ್ಲಿ ನ್ಯಾಯಾಧೀಶರು ಎಂಟು-ಎಂಟಾಗಿ ಒಡೆದು, ಅಧ್ಯಕ್ಷರ ನಿರ್ಣಾಯಕ ಮತದಿಂದ ತೀರ್ಮಾನವಾಯಿತು. ನಮ್ಮ ಮೊಕದ್ದಮೆಯಲ್ಲಿ ಒಂಬತ್ತು-ಏಳು. ದೊಡ್ಡ ದೇಶ ತಾನಾಗಿ ಒಪ್ಪಿದರೆ ಮಾತ್ರ ಆ ನ್ಯಾಯಾಲಯದ ಕಟಕಟೆಗೆ ಬರುತ್ತದೆ, ಬಂದ ಮೇಲೂ ತಪ್ಪಿಸಿಕೊಳ್ಳಲು ದಾರಿ ಇರುತ್ತದೆ. ಈಗ ಬಂದಿರುವುದಂತೂ ಬರಿಯ ಸಲಹೆ. ಅದನ್ನು ಯಾರೂ ಜಾರಿ ಮಾಡಬೇಕಿಲ್ಲ, ಮಾಡಿಸುವ ಪೊಲೀಸರೂ ಇಲ್ಲ. ಮೂವತ್ತು ವರ್ಷ ಸಂಧಾನದ ಮೇಜಿನ ಮುಂದೆ ಕೂತು ದಣಿದವರು ಈಗ ಇನ್ನೊಂದು ಕೊಠಡಿಗೆ ಹೋಗಿ ದಣಿಯುತ್ತಾರೆ ಎಂಬುದಷ್ಟೇ ನನಗೆ ಕಾಣುವುದು.

ವಕೀಲೆ: ಆ ಮೂವತ್ತು ವರ್ಷಗಳ ಲೆಕ್ಕ ನೋಡಿದರೆ ಅವರು ಕೊಠಡಿ ಬದಲಿಸಿದ್ದೇಕೆ ಎಂಬುದು ತಿಳಿಯುತ್ತದೆ ಸರ್. 1987ರಲ್ಲಿ ಮಾಲ್ಡೀವ್ಸ್ ಅಧ್ಯಕ್ಷ ಮಾಮೂನ್ ಅಬ್ದುಲ್ ಗಯೂಮ್ ಮಹಾಸಭೆಯಲ್ಲಿ ನಿಂತು ಏರುವ ಕಡಲಿನಿಂದ ತಮ್ಮ ದೇಶಕ್ಕಿರುವ ಅಪಾಯದ ಬಗ್ಗೆ ಹೇಳಿದರು. 1990ರಲ್ಲಿ ಸಣ್ಣ ದ್ವೀಪರಾಷ್ಟ್ರಗಳು ಒಕ್ಕೂಟ ಕಟ್ಟಿಕೊಂಡವು, ಇವತ್ತು ಅದಕ್ಕೆ 39 ಸದಸ್ಯರು. 1991ರಲ್ಲೇ ಆ ಒಕ್ಕೂಟದ ಪರವಾಗಿ ವನವಾಟು ಒಂದು ಸ್ಪಷ್ಟ ಪ್ರಸ್ತಾವ ಇಟ್ಟಿತು: ಕಡಲು ಏರಿ ಆಗುವ ನಷ್ಟಕ್ಕೆ ಕೈಗಾರಿಕಾ ದೇಶಗಳು ಹಣ ತುಂಬುವ ಒಂದು ವಿಮಾ ನಿಧಿ ಬೇಕು. ನಷ್ಟಕ್ಕೊಂದು ನಿಧಿ ಎಂಬುದನ್ನು ಜಗತ್ತು ಒಪ್ಪಿದ್ದು 2022ರಲ್ಲಿ, ಶರ್ಮ್ ಅಲ್ ಶೇಖ್‌ನ ಹವಾಮಾನ ಸಮ್ಮೇಳನದಲ್ಲಿ. ಮೂವತ್ತೊಂದು ವರ್ಷ. 1994ರಲ್ಲಿ ಟ್ರಿನಿಡಾಡ್ ಮತ್ತು ಟೊಬಾಗೊ ಇದೇ ಒಕ್ಕೂಟದ ಪರವಾಗಿ ಕರಡು ಒಪ್ಪಂದ ಮಂಡಿಸಿ, ಶ್ರೀಮಂತ ದೇಶಗಳು 2005ರೊಳಗೆ ಇಂಗಾಲದ ಡೈಆಕ್ಸೈಡನ್ನು 1990ರ ಮಟ್ಟಕ್ಕಿಂತ ಶೇ. 20ರಷ್ಟು ಇಳಿಸಬೇಕು ಎಂದಿತು. ಮೂರು ವರ್ಷ ಕಳೆದು ಕ್ಯೋಟೊದಲ್ಲಿ ಸಿಕ್ಕಿದ್ದು ಸರಾಸರಿ ಶೇ. 5ರ ಆಸುಪಾಸಿನ ಮಾತು, ಅದೂ 2008–12ರ ಗಡುವಿಗೆ. ಆ ಸಂಧಾನಗಳು ಒಮ್ಮತದ ಮೇಲೆ ನಡೆಯುವುದರಿಂದ ಯಾವ ದೊಡ್ಡ ದೇಶ ಬೇಡವೆಂದರೂ ಮಾತು ಅಲ್ಲಿಗೇ ನಿಲ್ಲುತ್ತದೆ. ಸಣ್ಣವರ ಬೇಡ ಎಂಬ ಮಾತಿಗೆ ಆ ತೂಕವಿಲ್ಲ. 2023ರ ಡಿಸೆಂಬರಿನಲ್ಲಿ ದುಬೈನಲ್ಲಿ ಒಮ್ಮತ ಘೋಷಿಸಿ ಸುತ್ತಿಗೆ ಬಡಿದಾಗ ಈ ಒಕ್ಕೂಟದವರು ಸಭಾಂಗಣದಲ್ಲೇ ಇರಲಿಲ್ಲ. ಸಮೋವಾದ ಪ್ರತಿನಿಧಿ ಎದ್ದು ನಿಂತು ಅದನ್ನು ಹೇಳಬೇಕಾಯಿತು. ಮಹಾಸಭೆಯಲ್ಲಿ ಹಾಗಲ್ಲ. ಅಲ್ಲಿ ತುವಾಲುವಿಗೂ ಒಂದು ಮತ, ಅಮೆರಿಕಕ್ಕೂ ಒಂದು ಮತ. ವನವಾಟು ತನ್ನ ಪ್ರಶ್ನೆಗೆ 132 ದೇಶಗಳನ್ನು ಸಹಪ್ರಾಯೋಜಕರನ್ನಾಗಿ ಕೂಡಿಸಿಕೊಂಡು 2023ರ ಮಾರ್ಚ್ 29ರಂದು ಅದನ್ನು ಹೇಗ್‌ಗೆ ಕಳಿಸಿತು. ಎದುರಾಳಿಯ ಅನುಮತಿಯಿಲ್ಲದೆ ಹೇಗ್ ತಲುಪುವ ದಾರಿ ಅದೊಂದೇ ಆಗಿತ್ತು.

ಮೇಷ್ಟ್ರು: ದಾರಿ ಸಿಕ್ಕಿತು, ಒಪ್ಪಿದೆ. ತಲುಪಿದ್ದು ಎಲ್ಲಿಗೆ?

ವಕೀಲೆ: ಶ್ರೀಮಂತ ದೇಶಗಳು ಬಹಳ ಕಷ್ಟಪಟ್ಟು ಮುಚ್ಚಿದ್ದ ಒಂದು ಬಾಗಿಲಿನ ಬಳಿಗೆ. ಪ್ಯಾರಿಸ್ ಒಪ್ಪಂದಕ್ಕೆ ‘ನಷ್ಟ ಮತ್ತು ಹಾನಿ’ಯ ವಿಧಿ ಸೇರಿಸಲು ಅವು ಒಪ್ಪಿದ್ದು ಒಂದು ಷರತ್ತಿನ ಮೇಲೆ: ಆ ವಿಧಿ ಹೊಣೆಗಾರಿಕೆಗೂ ಪರಿಹಾರಕ್ಕೂ ಆಧಾರವಾಗದು ಎಂದು ಜೊತೆಯ ನಿರ್ಣಯದಲ್ಲಿ ಬರೆಸಿಕೊಂಡವು. ಹೇಗ್‌ನಲ್ಲಿಯೂ ಅವುಗಳ ಮುಖ್ಯ ವಾದ ಅದರ ಸುತ್ತಲೇ ಇತ್ತು. ಹವಾಮಾನಕ್ಕೆ ಪ್ರತ್ಯೇಕ ಒಪ್ಪಂದಗಳಿವೆ, ಹೊಣೆ ಅಷ್ಟಕ್ಕೇ ಮುಗಿಯುತ್ತದೆ, ಸಾಮಾನ್ಯ ಅಂತರರಾಷ್ಟ್ರೀಯ ಕಾನೂನನ್ನು ಇಲ್ಲಿಗೆ ತರಬೇಡಿ ಎಂಬ ವಾದ. ನ್ಯಾಯಾಲಯ ಅದನ್ನು ತಳ್ಳಿಹಾಕಿತು. ನೆರೆಯವರಿಗೆ ಗಂಭೀರ ಹಾನಿಯಾಗದಂತೆ ನೋಡಿಕೊಳ್ಳುವ ರೂಢಿಗತ ಕರ್ತವ್ಯ ಒಪ್ಪಂದಗಳ ಪಕ್ಕದಲ್ಲೇ ಜೀವಂತವಾಗಿದೆ, ಒಪ್ಪಂದದಿಂದ ಹೊರಗೆ ನಿಂತ ದೇಶಕ್ಕೂ ಅದು ಅನ್ವಯಿಸುತ್ತದೆ. ತಪ್ಪಿದರೆ ತಪ್ಪನ್ನು ನಿಲ್ಲಿಸಬೇಕು, ಸಂದರ್ಭ ಕೂಡಿಬಂದರೆ ಪರಿಹಾರವನ್ನೂ ಕೊಡಬೇಕು ಎಂದಿತು. ಪಳೆಯುಳಿಕೆ ಇಂಧನ ತೆಗೆಯಲು ಪರವಾನಗಿ ಕೊಡುವುದು, ಅದಕ್ಕೆ ಸಬ್ಸಿಡಿ ಕೊಡುವುದು ಕೂಡ ಆ ದೇಶದ ತಪ್ಪೆಂದು ಎಣಿಸಲ್ಪಡಬಹುದು ಎಂದು ಹೇಳಿತು. ಪ್ಯಾರಿಸ್ ಬಿಟ್ಟು ಹೊರಟ ದೇಶ ಒಂದಿರುವ ಈ ಕಾಲದಲ್ಲಿ ಈ ಮಾತಿಗೆ ಬೆಲೆ ಇದೆ. ಇನ್ನೊಂದು ವಿಷಯ: ತುವಾಲು, ಕಿರಿಬಾಟಿ, ನೌರು, ಫಿಜಿ ದೇಶಗಳು 1992ರ ಮೂಲ ಹವಾಮಾನ ಒಪ್ಪಂದಕ್ಕೆ ಸೇರುವಾಗಲೇ, ಇದರಿಂದ ನಮ್ಮ ಇತರ ಹಕ್ಕುಗಳನ್ನು ಬಿಟ್ಟುಕೊಟ್ಟಂತೆ ಆಗದು ಎಂದು ಘೋಷಣೆ ಬರೆದಿಟ್ಟಿದ್ದವು. ಮೂರು ದಶಕ ಕಾಪಾಡಿಕೊಂಡ ಕಾಗದಪತ್ರ ಕಡೆಗೂ ಕೆಲಸಕ್ಕೆ ಬಂದ ಹಾಗಾಯಿತು.

ಮೇಷ್ಟ್ರು: ಆ ವಾದವನ್ನು ಶ್ರೀಮಂತ ದೇಶಗಳದ್ದು ಮಾತ್ರ ಎನ್ನಬೇಡ. 2024ರ ಡಿಸೆಂಬರಿನಲ್ಲಿ ನಮ್ಮ ಭಾರತವೂ ಅದನ್ನೇ ಮಂಡಿಸಿತು. ಒಪ್ಪಂದಗಳ ಆಚೆಗೆ ಹೊಸ ಹೊಣೆ ಹೊರಿಸಬೇಡಿ ಎಂದಿತು. ಮಂಡಿಸಿದ್ದಕ್ಕೆ ಕಾರಣವೂ ಇತ್ತು. ಇಲ್ಲಿಯವರೆಗೆ ಜಗತ್ತು ಸುರಿದ ಇಂಗಾಲದ ಡೈಆಕ್ಸೈಡಿನಲ್ಲಿ ಸುಮಾರು ಕಾಲು ಭಾಗ ಅಮೆರಿಕದ್ದು, ನಮ್ಮದು ಶೇ. 3–4ರ ಆಸುಪಾಸು. ಇವತ್ತಿಗೂ ಒಬ್ಬ ಭಾರತೀಯನ ಪಾಲಿಗೆ ವರ್ಷಕ್ಕೆ ಸುಮಾರು 2 ಟನ್, ಒಬ್ಬ ಅಮೆರಿಕನ್ನನ ಪಾಲಿಗೆ ಸುಮಾರು 14. 1992ರ ಒಪ್ಪಂದದಲ್ಲಿ ಶ್ರೀಮಂತರ ಪಟ್ಟಿ ಬೇರೆ, ನಮ್ಮ ಪಟ್ಟಿ ಬೇರೆ ಎಂದು ಬರೆಸಿಕೊಂಡದ್ದು ಬಡ ದೇಶಗಳು ಹೋರಾಡಿ ಗಳಿಸಿದ ರಕ್ಷಣೆ. ಸಾಮಾನ್ಯ ಕಾನೂನಿಗೆ ಅಂಥ ಪಟ್ಟಿ ಇಲ್ಲ. ನಿನ್ನ ನ್ಯಾಯಾಲಯ ಹೊಣೆ ಸಮಾನವಲ್ಲ ಎಂದು ಹೇಳಿದೆ, ಸರಿ. ಆದರೆ ಮುಂದುವರಿದ ದೇಶ, ಮುಂದುವರಿಯುತ್ತಿರುವ ದೇಶ ಎಂಬ ಗೆರೆ ಸ್ಥಿರವಲ್ಲ ಎಂದೂ ಹೇಳಿದೆ. ಇನ್ನು ಕಡಲಿನ ಕಾನೂನಿಗೆ ಬಾ. 2024ರ ಮೇ 21ರಂದು ಹ್ಯಾಂಬರ್ಗಿನ ಕಡಲ ಕಾನೂನು ನ್ಯಾಯಮಂಡಳಿ ಹಸಿರುಮನೆ ಅನಿಲಗಳೂ ಸಮುದ್ರ ಮಾಲಿನ್ಯವೇ ಎಂದಿತು. ಅದನ್ನು ಕೇಳಿದ್ದೂ ದ್ವೀಪಗಳೇ, ಆಂಟಿಗುವಾ ಮತ್ತು ತುವಾಲು ಸೇರಿ 2021ರಲ್ಲಿ ಹುಟ್ಟುಹಾಕಿದ ಆಯೋಗ. ಆ ನ್ಯಾಯಮಂಡಳಿಯ ಹಿಂದಿರುವ ಕಡಲ ಒಪ್ಪಂದದ ಸದಸ್ಯರನ್ನು ಅವರ ಇಚ್ಛೆಯಿಲ್ಲದೆಯೂ ಮಧ್ಯಸ್ಥಿಕೆಗೆ ಎಳೆಯಬಹುದು. ಆದರೆ ಅಮೆರಿಕ ಅದರ ಸದಸ್ಯ ಅಲ್ಲವೇ ಅಲ್ಲ. ಭಾರತ ಇದೆ, ಚೀನಾ ಇದೆ. ಕಾನೂನಿನ ಕೈ ಮೊದಲು ನಿಲುಕುವುದು ತಪ್ಪು ಹೆಚ್ಚು ಮಾಡಿದವನಿಗಲ್ಲ, ಒಪ್ಪಂದಕ್ಕೆ ಸಹಿ ಹಾಕಿದವನಿಗೆ. ಇದನ್ನು ನ್ಯಾಯ ಎಂದು ಕರೆಯಲು ನನಗೆ ಆಗದು.

ಇದು ಮೇಷ್ಟ್ರ ಅತ್ಯಂತ ಬಲವಾದ ವಾದ ಎಂದು ನನಗನ್ನಿಸುತ್ತದೆ. ಹವಾಮಾನ ನ್ಯಾಯದ ಬಗ್ಗೆ ಬರೆಯುವವರು ಇದನ್ನು ದಾಟಿ ಹೋಗುವುದೇ ಹೆಚ್ಚು.

ವಕೀಲೆ: ಆ ಒಪ್ಪಂದದಲ್ಲಿ ಐರೋಪ್ಯ ಒಕ್ಕೂಟ, ಬ್ರಿಟನ್, ಜಪಾನ್, ಆಸ್ಟ್ರೇಲಿಯಾ, ಕೆನಡಾ ಕೂಡ ಇವೆ. ಹಳೆಯ ಪಾಲುದಾರರೆಲ್ಲ ಹೊರಗಿಲ್ಲ. ಆದರೂ ನಿಮ್ಮ ಮಾತಿನ ನೋವು ನಿಜ, ಅದನ್ನು ಅಲ್ಲಗಳೆಯುವುದಿಲ್ಲ. ನಾನು ಕೇಳುವುದು ಬೇರೆ. ಹೇಗ್‌ನಲ್ಲಿ ಅಮೆರಿಕ, ಚೀನಾ, ಸೌದಿ ಅರೇಬಿಯಾ, ಭಾರತ, ನಾಲ್ಕೂ ದೇಶಗಳು ‘ಒಪ್ಪಂದಗಳಷ್ಟೇ ಸಾಕು’ ಎಂಬ ಒಂದೇ ಸಾಲಿನಲ್ಲಿ ನಿಂತವು. ಶತಮಾನದಿಂದ ಹೊಗೆ ಬಿಟ್ಟವರಿಗೆ ತಮ್ಮ ಇತಿಹಾಸದ ಲೆಕ್ಕ ತೆರೆಯಬಾರದು ಎಂಬ ಆಸೆ. ಭಾರತಕ್ಕೆ ಬೇಕಾದದ್ದು ಆ ಲೆಕ್ಕ ತೆರೆಯುವುದೇ ಅಲ್ಲವೆ? ಐತಿಹಾಸಿಕ ಹೊಣೆ ಎಂದು ನಾವು ಪ್ರತಿ ಸಮ್ಮೇಳನದಲ್ಲಿ ಹೇಳುತ್ತೇವೆ. ಅದಕ್ಕೆ ಕಾನೂನಿನ ಬಲ ಕೊಡುವ ಅವಕಾಶ ಬಂದಾಗ ಬೇಡ ಎಂದೆವು. ಕರ್ತವ್ಯದ ಅಳತೆ ದೇಶದ ಶಕ್ತಿ ನೋಡಿ ಬದಲಾಗುತ್ತದೆ ಎಂದು ನ್ಯಾಯಾಲಯ ಬಿಡಿಸಿ ಹೇಳಿದೆ. 2 ಟನ್ನಿನವರನ್ನೂ 14 ಟನ್ನಿನವರನ್ನೂ ಒಂದೇ ತಕ್ಕಡಿಯಲ್ಲಿ ತೂಗಿಲ್ಲ. 2021ರಲ್ಲಿ ಗ್ಲಾಸ್ಗೋ ಸಮ್ಮೇಳನದ ಕೊನೆಯ ಗಳಿಗೆಯಲ್ಲಿ ಕಲ್ಲಿದ್ದಲನ್ನು ‘ಕೈಬಿಡುವ’ ಮಾತನ್ನು ‘ತಗ್ಗಿಸುವ’ ಮಾತಾಗಿ ಬದಲಿಸಲು ಭಾರತ ಕೇಳಿದಾಗ ಎದ್ದು ತಮ್ಮ ನಿರಾಸೆ ಹೇಳಿದ್ದು ಅದೇ ಮಾರ್ಷಲ್ ದ್ವೀಪಗಳ ಪ್ರತಿನಿಧಿ. ಅವರು ನಮ್ಮ ಬಡತನವನ್ನು ಪ್ರಶ್ನಿಸಲಿಲ್ಲ. ನಮ್ಮ ಬಡತನದ ವಾದದ ಬೆಲೆಯನ್ನು ತಾವು ತೆರಬೇಕಾಗಿದೆ ಎಂದು ತೋರಿಸಿದರು. ಎಲ್ಲ ದ್ವೀಪರಾಷ್ಟ್ರಗಳನ್ನು ಸೇರಿಸಿದರೂ ಜಗತ್ತಿನ ಅನಿಲದಲ್ಲಿ ಅವರ ಪಾಲು ಶೇ. 1 ಮುಟ್ಟುವುದಿಲ್ಲ.

ಮೇಷ್ಟ್ರು: ಒಕ್ಕೂಟದ ಒಳಗೂ ಎಲ್ಲರೂ ಒಂದೇ ಅಲ್ಲ. ನೀನು ಈಗ ಹೊಗಳಿದ ಟ್ರಿನಿಡಾಡ್ ಬದುಕುವುದೇ ಅನಿಲ, ತೈಲದ ಮೇಲೆ. ಅದು ಹಾಗಿರಲಿ. ಪರಿಹಾರದ ಮಾತಿಗೆ ಬರೋಣ, ಏಕೆಂದರೆ ಚಂಡಮಾರುತ ಹೊಡೆದ ಮರುದಿನ ಆ ಜನಕ್ಕೆ ಬೇಕಾದದ್ದು ಹಣ. 2017ರಲ್ಲಿ ಮರಿಯಾ ಚಂಡಮಾರುತ ಡೊಮಿನಿಕಾಕ್ಕೆ ಮಾಡಿದ ಹಾನಿ ಮತ್ತು ನಷ್ಟ ಆ ದೇಶದ ವಾರ್ಷಿಕ ಉತ್ಪನ್ನದ ಶೇ. 226. ಎರಡು ವರ್ಷದ ದುಡಿಮೆಗಿಂತ ಹೆಚ್ಚು, ಒಂದು ರಾತ್ರಿಯಲ್ಲಿ. ಇಂಥವರಿಗಾಗಿ ದುಬೈನಲ್ಲಿ ತೆರೆದ ನಿಧಿಗೆ ಎಲ್ಲ ದೇಶಗಳೂ ಸೇರಿ ಆಗ ಹೇಳಿದ ಮೊತ್ತ ಸುಮಾರು 70 ಕೋಟಿ ಡಾಲರ್. ಅಮೆರಿಕದ ಪಾಲು ಅದರಲ್ಲಿ 1.75 ಕೋಟಿ, 2025ರಲ್ಲಿ ಅದು ನಿಧಿಯ ಮಂಡಳಿಯಿಂದಲೇ ಎದ್ದು ಹೋಯಿತು. ನ್ಯಾಯಾಲಯಕ್ಕೆ ಹೋದರೆ ಏನಾಗುತ್ತದೆ? ತಪ್ಪಿಗೂ ಹಾನಿಗೂ ಸಾಕಷ್ಟು ನೇರವಾದ, ಖಚಿತವಾದ ಸಂಬಂಧ ತೋರಿಸಬೇಕು ಎಂಬ ಷರತ್ತು ಇದೆ. ಮರಿಯಾದ ಗಾಳಿಯಲ್ಲಿ ಯಾವ ದೇಶದ ಹೊಗೆ ಎಷ್ಟು ಎಂದು ಯಾರು ಬೇರ್ಪಡಿಸುತ್ತಾರೆ? ಆ ವಾದಕ್ಕೆ ಬೇಕಾದ ವಿಜ್ಞಾನಿಗಳನ್ನು, ವಕೀಲರನ್ನು ಇಟ್ಟುಕೊಳ್ಳುವ ಶಕ್ತಿ ಡೊಮಿನಿಕಾಕ್ಕೆ ಇದೆಯೆ?

ವಕೀಲೆ: ಕಷ್ಟ ಎಂದಿದೆ ನ್ಯಾಯಾಲಯ, ಅಸಾಧ್ಯ ಎಂದಿಲ್ಲ. ಹಲವರು ಸೇರಿ ಮಾಡಿದ ಹಾನಿ ಎಂಬ ಕಾರಣಕ್ಕೆ ಯಾರೊಬ್ಬರೂ ಹೊಣೆಯಿಂದ ಜಾರಿಕೊಳ್ಳುವಂತಿಲ್ಲ ಎಂದೂ ಹೇಳಿದೆ. ಆದರೆ ನಾನು ಪರಿಹಾರದ ಮೇಲೆ ನನ್ನ ವಾದ ಕಟ್ಟುವುದಿಲ್ಲ ಸರ್. ಕಾನೂನು ದ್ವೀಪಗಳಿಗೆ ಗಟ್ಟಿಯಾಗಿ ಕೊಟ್ಟಿರುವುದು ಇತರರು ಏನನ್ನೂ ಮಾಡಬೇಕಿಲ್ಲದ, ಒಂದನ್ನು ಮಾಡದೆ ಇದ್ದರೆ ಸಾಕಾಗುವ ಜಾಗದಲ್ಲಿ. ಅಂದರೆ ಗಡಿ ಮತ್ತು ರಾಷ್ಟ್ರತ್ವ. ತುವಾಲುವಿನ ನೆಲ 26 ಚದರ ಕಿಲೋಮೀಟರ್, ಕಡಲು ಏಳು ಲಕ್ಷ ಚದರ ಕಿಲೋಮೀಟರಿಗೂ ಹೆಚ್ಚು. ಆ ಕಡಲಿನಲ್ಲಿ ಟ್ಯೂನಾ ಹಿಡಿಯಲು ಹೊರದೇಶದ ದೋಣಿಗಳು ಕೊಡುವ ಪರವಾನಗಿ ಶುಲ್ಕ ಸರ್ಕಾರದ ಮುಖ್ಯ ಆದಾಯಗಳಲ್ಲೊಂದು. ಕಡಲ ಗಡಿಯನ್ನು ಅಳೆಯುವುದು ದಡದ ಆಧಾರರೇಖೆಯಿಂದ. ದಡ ಹಿಂದೆ ಸರಿದರೆ ಗಡಿಯೂ ಸರಿಯುತ್ತದೆ ಎಂಬ ಹಳೆಯ ಅರ್ಥವೇ ಉಳಿದಿದ್ದರೆ ನೆಲದ ಜೊತೆ ಆದಾಯವೂ ಮುಳುಗುತ್ತಿತ್ತು. ಪೆಸಿಫಿಕ್ ದೇಶಗಳು 2021ರಲ್ಲಿ, ಒಮ್ಮೆ ಘೋಷಿಸಿದ ಗಡಿ ಕಡಲು ಏರಿದರೂ ಕುಗ್ಗದು ಎಂದು ಸಾರಿದವು. ಹೇಗ್ ಅದನ್ನು ಎತ್ತಿಹಿಡಿಯಿತು. ಇದರ ಒಂದು ಎಳೆ ನಮ್ಮ ಬಂಗಾಳಕೊಲ್ಲಿಯಲ್ಲೂ ಇದೆ. ಬಾಂಗ್ಲಾದೇಶ ಭಾರತವನ್ನು ಕಡಲ ಗಡಿಗಾಗಿ ಮಧ್ಯಸ್ಥಿಕೆಗೆ ಕರೆದೊಯ್ದಾಗ, ಹವಾಮಾನ ಬದಲಾವಣೆಯಿಂದ ಮುಂದೆ ಏನಾದೀತು ಎಂಬುದು ಇತ್ಯರ್ಥವಾದ ಗಡಿಗಳನ್ನು ಅಲುಗಿಸಬಾರದು ಎಂದು 2014ರಲ್ಲಿ ಆ ನ್ಯಾಯಮಂಡಳಿ ಹೇಳಿತ್ತು. ವಿವಾದದ 25,602 ಚದರ ಕಿಲೋಮೀಟರಿನಲ್ಲಿ 19,467 ಬಾಂಗ್ಲಾದೇಶಕ್ಕೆ ಹೋಯಿತು. ಭಾರತ ಪೊಲೀಸರಿಲ್ಲದೆಯೇ ಆ ತೀರ್ಪು ಒಪ್ಪಿತು. ದೊಡ್ಡ ದೇಶಗಳು ಎಂದೂ ಕಾನೂನು ಪಾಲಿಸುವುದಿಲ್ಲ ಎನ್ನುವವರು ಇದನ್ನು ಮರೆಯುತ್ತಾರೆ.

ಮೇಷ್ಟ್ರು: ಆ ತೀರ್ಪು ಕಡ್ಡಾಯವಾಗಿತ್ತು, ಸಲಹೆಯಾಗಿರಲಿಲ್ಲ. ಇರಲಿ, ಗಡಿಯ ವಿಷಯದಲ್ಲಿ ನಿನ್ನ ಮಾತು ಒಪ್ಪುತ್ತೇನೆ. ಒಪ್ಪಿದ ಮೇಲೆ ಇನ್ನೂ ಕಠಿಣವಾದ ಪ್ರಶ್ನೆ ಉಳಿಯುತ್ತದೆ. ತುವಾಲು 2023ರಲ್ಲಿ ಸಂವಿಧಾನ ತಿದ್ದಿ, ನೆಲಕ್ಕೆ ಏನಾದರೂ ತನ್ನ ರಾಷ್ಟ್ರತ್ವ ಶಾಶ್ವತ ಎಂದು ಬರೆದುಕೊಂಡಿತು. ನ್ಯಾಯಾಲಯವೂ, ರಾಷ್ಟ್ರದ ಒಂದು ಅಂಗ ಇಲ್ಲವಾದ ಮಾತ್ರಕ್ಕೆ ರಾಷ್ಟ್ರ ಇಲ್ಲವಾಗಬೇಕಿಲ್ಲ ಎಂದಿದೆ. ಅದೇ 2023ರಲ್ಲಿ ತುವಾಲು ಆಸ್ಟ್ರೇಲಿಯಾದ ಜೊತೆ ಫಲೆಪಿಲಿ ಒಪ್ಪಂದ ಮಾಡಿಕೊಂಡಿತು: ವರ್ಷಕ್ಕೆ 280 ಜನ ಅಲ್ಲಿಗೆ ಹೋಗಿ ನೆಲೆಸಬಹುದು. 2025ರ ಮೊದಲ ಸುತ್ತಿಗೇ ದೇಶದ ಮೂರನೇ ಒಂದಕ್ಕಿಂತ ಹೆಚ್ಚು ಜನ ಅರ್ಜಿಗಳಲ್ಲಿ ಹೆಸರು ಸೇರಿಸಿದರು. ಬದಲಿಗೆ ತುವಾಲು, ಬೇರೆ ದೇಶದೊಡನೆ ರಕ್ಷಣೆ, ಭದ್ರತೆಯ ಒಡಂಬಡಿಕೆ ಮಾಡಿಕೊಳ್ಳುವ ಮೊದಲು ಆಸ್ಟ್ರೇಲಿಯಾದ ಒಪ್ಪಿಗೆ ಪಡೆಯಬೇಕು. ಅಂದರೆ ಕಾಗದದ ಮೇಲೆ ಶಾಶ್ವತ ಸಾರ್ವಭೌಮ ದೇಶ. ಕಲ್ಲಿದ್ದಲು ಮಾರುವ ನೆರೆಯವನೇ ಅದರ ಆಸರೆ. ಟ್ಯೂನಾ ಹಣ ಬರುತ್ತಿರುತ್ತದೆ, ಮಹಾಸಭೆಯಲ್ಲಿ ಕುರ್ಚಿ ಇರುತ್ತದೆ, ಜನ ಬ್ರಿಸ್ಬೇನಿನಲ್ಲಿರುತ್ತಾರೆ. ದೊಡ್ಡ ದೇಶಗಳಿಗೆ ಇಷ್ಟು ಅಗ್ಗದ ಇತ್ಯರ್ಥ ಬೇರೆ ಇದೆಯೆ? ದ್ವೀಪಗಳಿಗೆ ರಾಷ್ಟ್ರತ್ವ ಉಳಿಸಿಕೊಟ್ಟೆವು ಎಂದು ಹೇಳಿ ಅವು ಕಲ್ಲಿದ್ದಲು ಸುಡುವುದನ್ನು ಮುಂದುವರಿಸಬಹುದು. ನೀನು ಗೆಲುವು ಎನ್ನುತ್ತಿರುವುದು ಅವರಿಗೆ ಅನುಕೂಲವಾಗಿಬಿಡುವ ಭಯ ನನಗೆ.

ವಕೀಲೆ: ಆ ಭಯ ನನಗೂ ಇದೆ. ಕಿರಿಬಾಟಿಯ ಇಯೋವಾನೆ ತೇಯ್ತಿಯೋತಾ ನ್ಯೂಜಿಲೆಂಡಿನಲ್ಲಿ ಆಶ್ರಯ ಕೇಳಿ ಸೋತು, ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿಗೆ ಹೋದರು. ಪರಿಸ್ಥಿತಿ ಕೆಟ್ಟರೆ ವಾಪಸು ಕಳಿಸುವುದು ಬದುಕುವ ಹಕ್ಕಿನ ಉಲ್ಲಂಘನೆ ಆಗಬಹುದು ಎಂಬ ತತ್ತ್ವವನ್ನು ಸಮಿತಿ ಒಪ್ಪಿತು. ಆದರೆ ಇನ್ನೂ ಹತ್ತು-ಹದಿನೈದು ವರ್ಷ ಸಮಯವಿದೆ, ಅಷ್ಟರಲ್ಲಿ ರಕ್ಷಣೆಯ ಕ್ರಮಗಳಾಗಬಹುದು ಎಂದು ಅವರನ್ನು ವಾಪಸು ಕಳಿಸಿದ್ದು ಸರಿ ಎಂದಿತು. ಕಾನೂನು ಮುಂದಿನವರಿಗೆ ಬಾಗಿಲು ತೆರೆದು ಎದುರಿಗಿದ್ದವರನ್ನು ಹೊರಗೇ ನಿಲ್ಲಿಸಿತು. ಇಷ್ಟಾದರೂ ರಾಷ್ಟ್ರತ್ವ ಅಗ್ಗದ್ದಲ್ಲ ಎಂಬುದು ನನ್ನ ವಾದ. ನಮ್ಮ ಬದಿಯ ಕಡಲನ್ನೇ ನೋಡಿ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತದಲ್ಲಿದ್ದವು. ಇವತ್ತಿಗೂ ಮಂಗಳೂರಿನ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಸರಕು ಹೋಗುತ್ತದೆ. ಇನ್ನೂ ದಕ್ಷಿಣದ ಮಿನಿಕಾಯ್ ಜನರ ಮಾತು ಮಾಲ್ಡೀವ್ಸಿನ ದಿವೇಹಿಯದೇ ಒಂದು ರೂಪ. ಎರಡೂ ಹವಳದ ನೆಲ, ಎರಡಕ್ಕೂ ಒಂದೇ ಅಪಾಯ. ಆದರೆ ಮಾಲ್ಡೀವ್ಸ್ ರಾಷ್ಟ್ರ. ಅದು ಹೇಗ್‌ಗೆ ಹೋಗಬಲ್ಲದು, ಹ್ಯಾಂಬರ್ಗಿಗೆ ಹೋಗಬಲ್ಲದು. ಮಿನಿಕಾಯ್‌ಗೆ ದೆಹಲಿಯೇ ದನಿ. ಆ ದನಿ 2024ರಲ್ಲಿ ಹೇಗ್‌ನಲ್ಲಿ ಮಾತಾಡಿದ್ದು ಕಡಿಮೆ ಹೊಣೆಯ ಪರವಾಗಿ.

ಮೇಷ್ಟ್ರು: ದೆಹಲಿ 140 ಕೋಟಿ ಜನರ ಪರವಾಗಿ ಮಾತಾಡಬೇಕು. ಅದರಲ್ಲಿ ಲಕ್ಷದ್ವೀಪದ ಅರವತ್ತೈದು-ಎಪ್ಪತ್ತು ಸಾವಿರ ಜನರೂ ಇದ್ದಾರೆ, ಕಲ್ಲಿದ್ದಲ ವಿದ್ಯುತ್ತಿನಿಂದ ಓದುವ ರಾಯಚೂರಿನ ಮಗುವೂ ಇದೆ. ಅಲ್ಲದೆ, ದನಿ ಬೇಕಾದರೆ ದೇಶದೊಳಗಿನ ನ್ಯಾಯಾಲಯಗಳಿವೆ. ಹವಾಮಾನ ಬದಲಾವಣೆಯ ದುಷ್ಪರಿಣಾಮಗಳಿಂದ ರಕ್ಷಣೆ ಪಡೆಯುವ ಹಕ್ಕು ಸಂವಿಧಾನದಲ್ಲೇ ಇದೆ ಎಂದು ನಮ್ಮ ಸುಪ್ರೀಂ ಕೋರ್ಟ್ 2024ರಲ್ಲಿ ಹೇಳಿತಲ್ಲ.

ವಕೀಲೆ: ಹೇಳಿತು. ಆಸ್ಟ್ರೇಲಿಯಾದ ಟೊರೆಸ್ ಜಲಸಂಧಿಯ ದ್ವೀಪವಾಸಿಗಳೂ ತಮ್ಮದೇ ಸರ್ಕಾರದ ಮೇಲೆ ಮಾನವ ಹಕ್ಕುಗಳ ಸಮಿತಿಗೆ ದೂರಿ 2022ರಲ್ಲಿ ಗೆದ್ದರು; ಅವರನ್ನು ಸಕಾಲಕ್ಕೆ ರಕ್ಷಿಸಲಿಲ್ಲ ಎಂದು ಆಸ್ಟ್ರೇಲಿಯಾವನ್ನು ಸಮಿತಿ ತಪ್ಪಿತಸ್ಥ ಎಂದಿತು. ಸಲಹೆಗಳ ಬಗ್ಗೆಯೂ ಒಂದು ಮಾತು. ಷಾಗೋಸ್ ದ್ವೀಪಗಳನ್ನು ಬ್ರಿಟನ್ ಬಿಟ್ಟುಕೊಡಬೇಕು ಎಂದು 2019ರಲ್ಲಿ ಹೇಗ್ ಹೇಳಿದ್ದೂ ಬರಿಯ ಸಲಹೆಯೇ. ಬ್ರಿಟನ್ ಮೊದಲು ತಿರಸ್ಕರಿಸಿತು, 2025ರ ಮೇನಲ್ಲಿ ಮಾರಿಷಸ್ ಜೊತೆ ಹಸ್ತಾಂತರದ ಒಪ್ಪಂದಕ್ಕೆ ಸಹಿ ಹಾಕಿತು.

ಮೇಷ್ಟ್ರು: ಸೈನಿಕ ನೆಲೆಯಿರುವ ದಿಯಾಗೊ ಗಾರ್ಸಿಯಾವನ್ನು 99 ವರ್ಷಗಳ ಗುತ್ತಿಗೆಗೆ ಉಳಿಸಿಕೊಂಡು. ಅಲ್ಲಿಂದ ಎಬ್ಬಿಸಿದ ಜನಕ್ಕೆ ಆ ದ್ವೀಪಕ್ಕೆ ಮರಳುವ ಹಕ್ಕು ಕೊಡದೆ. ಆರು ವರ್ಷಕ್ಕೆ ಅಷ್ಟು. ಹವಳದ ದ್ವೀಪಗಳ ಬಳಿ ಅಂಥ ಎಷ್ಟು ಆರು ವರ್ಷಗಳಿವೆ? ಕೊನೆಗೊಂದು ಕೇಳುತ್ತೇನೆ, ನೇರವಾಗಿ ಹೇಳು. ನಾಳೆ ಮಾಲ್ಡೀವ್ಸ್ ಕಡಲ ಒಪ್ಪಂದದ ಅಡಿಯಲ್ಲಿ ಭಾರತದ ಮೇಲೇ ದಾವೆ ಹೂಡಿದರೆ, ನೀನು ಯಾವ ಕಡೆ ನಿಲ್ಲುತ್ತೀ?

ವಕೀಲೆ: ಭಾರತದ ಪರವಾಗಿ ನಿಲ್ಲಲು ನನಗೆ ಸಂಕೋಚವಿಲ್ಲ, ಒಂದು ಷರತ್ತಿನ ಮೇಲೆ. ಅಧಿಕಾರ ವ್ಯಾಪ್ತಿಯ ತಕರಾರು ಎತ್ತಿ ಬಾಗಿಲಲ್ಲೇ ದಾವೆ ಕೊಲ್ಲಬಾರದು. ಮಾರ್ಷಲ್ ದ್ವೀಪಗಳಿಗೆ ಮಾಡಿದ್ದನ್ನು ಮತ್ತೆ ಮಾಡಬಾರದು. ನಮ್ಮ 2 ಟನ್ನಿನ ಲೆಕ್ಕ, ನಮ್ಮ ಸೌರ ವಿದ್ಯುತ್ತಿನ ಲೆಕ್ಕ, ಕಲ್ಲಿದ್ದಲನ್ನು ಯಾವಾಗ ಎಷ್ಟು ಇಳಿಸುತ್ತೇವೆ ಎಂಬ ಲೆಕ್ಕ ಹಿಡಿದು ಒಳಗೆ ಹೋಗಬೇಕು. ನಮ್ಮ ಪಾಲು ನ್ಯಾಯವಾದದ್ದೇ ಎಂದು ನಂಬುವವರು ಅದನ್ನು ನ್ಯಾಯಾಲಯದ ಮುಂದೆ ಸಾಬೀತು ಮಾಡಲು ಯಾಕೆ ಹೆದರಬೇಕು?

ಮೇಷ್ಟ್ರು: ನಾನಾದರೆ ಆ ತಕರಾರನ್ನು ಮೊದಲು ಎತ್ತುತ್ತೇನೆ. ಅಮೆರಿಕ ಅದೇ ಕಟಕಟೆಗೆ ಬಂದು ನಿಲ್ಲುವ ದಿನದವರೆಗೂ ಎತ್ತುತ್ತೇನೆ.